ಪ್ರೈವೇಟ್ ಲಿಮಿಟೆಡ್ ಕಟ್ಟುವವರಿಗೆ: ನೋಂದಣಿಯಿಂದ ಮಾರಾಟದವರೆಗೆ

ಹುಬ್ಬಳ್ಳಿಯಲ್ಲಿ ಕಂಪನಿ ವ್ಯವಹಾರ ನೋಡಿಕೊಳ್ಳುವ ವಕೀಲನ ಕಚೇರಿಗೆ ಜನ ಬರುವುದು ಎರಡೇ ಸಂದರ್ಭಗಳಲ್ಲಿ. ಒಂದು, ಕೈಯಲ್ಲಿ ನೋಟಿಸ್ ಇದ್ದಾಗ. ಇನ್ನೊಂದು, ಬೆಂಗಳೂರಿನವರೋ ಮುಂಬೈಯವರೋ ‘ನಿಮ್ಮ ಕಂಪನಿ ಕೊಳ್ಳುತ್ತೇವೆ’ ಎಂದು ಪತ್ರ ಬರೆದಾಗ. ಎರಡೂ ಸಲ ನಾನು ಮೊದಲು ಕೇಳುವುದು ‘ಆರ್ಟಿಕಲ್ಸ್ ತಂದಿದ್ದೀರಾ?’ ಎಂದು. ಎರಡೂ ಸಲ ಬರುವ ಉತ್ತರ ‘ಅದು ಸಿಎ ಅವರ ಹತ್ತಿರ ಇರಬೇಕು ಸರ್’.

ಆರ್ಟಿಕಲ್ಸ್ ಎಂದರೆ ಕಂಪನಿಯ ಒಳಾಡಳಿತದ ನಿಯಮಾವಳಿ. ಪಾಲನ್ನು ಯಾರಿಗೆ ಮಾರಬಹುದು, ಸಭೆ ಕರೆಯುವವರು ಯಾರು, ಪಾಲುದಾರ ತೀರಿಕೊಂಡರೆ ಅವನ ಷೇರಿನ ಗತಿಯೇನು ಎಂಬುದೆಲ್ಲ ಅದರಲ್ಲಿರಬೇಕು. 2013ರ ಕಂಪನಿ ಕಾಯ್ದೆಯ ಅನುಸೂಚಿಯಲ್ಲಿ ‘ಟೇಬಲ್ ಎಫ್’ ಎಂಬ ಸಿದ್ಧ ಮಾದರಿಯೊಂದಿದೆ. ನೋಂದಣಿಯ ಗಡಿಬಿಡಿಯಲ್ಲಿ ಬಹುತೇಕರು ಅದನ್ನೇ ಇದ್ದಂತೆ ಒಪ್ಪಿಕೊಂಡುಬಿಡುತ್ತಾರೆ. ಹತ್ತು ವರ್ಷ ಅದನ್ನು ಯಾರೂ ಓದುವುದಿಲ್ಲ. ಹನ್ನೊಂದನೆಯ ವರ್ಷ ಕೊಳ್ಳುವವರ ವಕೀಲ ಓದುತ್ತಾನೆ, ಒಂದು ಸಾಲನ್ನೂ ಬಿಡದೆ. ಕಂಪನಿಯ ಪ್ರತಿ ಕಾಗದಕ್ಕೂ ಅಂಥ ಒಬ್ಬ ಓದುಗ ಇದ್ದಾನೆ, ಇನ್ನೂ ಬಂದಿಲ್ಲ ಅಷ್ಟೆ. ಮುಂದಿನ ಹೆಜ್ಜೆಗಳನ್ನು ಅವನನ್ನು ನೆನಪಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮೊದಲ ಹೆಜ್ಜೆ: ಕಂಪನಿ ನಿಜಕ್ಕೂ ಬೇಕೇ?

ಎಲ್ಲರಿಗೂ ಬೇಕಾಗಿಲ್ಲ. ದುರ್ಗದ ಬೈಲಿನಲ್ಲಿ ಅಣ್ಣತಮ್ಮಂದಿರು ನಡೆಸುವ ಬಟ್ಟೆ ಅಂಗಡಿಗೆ, ಅಮರಗೋಳದ ಎಪಿಎಂಸಿಯ ದಲಾಲಿ ಅಂಗಡಿಗೆ 1932ರ ಕಾಯ್ದೆಯಡಿಯ ಪಾಲುದಾರಿಕೆ ಪತ್ರವೇ ಸಾಕಾಗಬಹುದು. ಹೊರಗಿನವರ ಬಂಡವಾಳ ತರಬೇಕೆಂದಿದ್ದರೆ, ನೌಕರರಿಗೆ ಪಾಲು ಕೊಡಬೇಕೆಂದಿದ್ದರೆ ಅಥವಾ ಒಂದು ದಿನ ಇಡೀ ಉದ್ಯಮವನ್ನೇ ಮಾರುವ ಯೋಚನೆ ಇದ್ದರೆ ಮಾತ್ರ ಪ್ರೈವೇಟ್ ಲಿಮಿಟೆಡ್ ಕಂಪನಿಯ ಖರ್ಚು ಮತ್ತು ಕಿರಿಕಿರಿಗೆ ಅರ್ಥವಿದೆ. ಇದಕ್ಕೆ ಕನಿಷ್ಠ ಇಬ್ಬರು ಸದಸ್ಯರು (ಎಂದರೆ ಷೇರುದಾರರು), ಇಬ್ಬರು ನಿರ್ದೇಶಕರು ಬೇಕು. ಸದಸ್ಯರು 200 ಮೀರುವಂತಿಲ್ಲ. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿ ಇರುವವರಾಗಿರಬೇಕು. ಒಂದು ಲಕ್ಷ ರೂಪಾಯಿಯ ಕನಿಷ್ಠ ಬಂಡವಾಳದ ನಿಯಮ 2015ರಲ್ಲೇ ಹೋಯಿತು.

ನಮ್ಮ ಭಾಗದವರಿಗೆ ಒಂದು ಎಚ್ಚರಿಕೆ. ಗದಗ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ್ದು 1905ರಲ್ಲಿ. ಸೊಸೈಟಿಯ ಲೆಕ್ಕಾಚಾರ ನಮ್ಮ ರಕ್ತದಲ್ಲೇ ಇದೆ. ಸೊಸೈಟಿಯಲ್ಲಿ ಒಬ್ಬನಿಗೆ ಒಂದೇ ಮತ. ಕಂಪನಿಯಲ್ಲಿ ಮತ ಇರುವುದು ಮನುಷ್ಯನಿಗಲ್ಲ, ಷೇರಿಗೆ. ‘ನಾವು ನಾಲ್ವರೂ ಸಮಾನರು’ ಎಂದು ಬಾಯಿಮಾತಿನಲ್ಲಿ ಹೇಳಿಕೊಂಡು ಷೇರನ್ನು 70, 10, 10, 10 ಎಂದು ಹಂಚಿಕೊಂಡವರಿಗೆ ಮೊದಲ ಜಗಳದ ದಿನ ಈ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು: ಹೆಸರು

ಕಂಪನಿ ನೋಂದಣಿಗೆ ಹಾಕುವ ಸ್ಪೈಸ್ ಪ್ಲಸ್ ಅರ್ಜಿಯ ಮೊದಲ ಭಾಗದಲ್ಲಿ ಕಂಪನಿಯ ಹೆಸರಿಗೆ ಒಪ್ಪಿಗೆ ಸಿಕ್ಕರೆ ಹೆಸರು ನಮ್ಮದಾಯಿತು ಎಂದುಕೊಳ್ಳುತ್ತಾರೆ. ಆಗಲಿಲ್ಲ. ಆ ಒಪ್ಪಿಗೆ ಕಂಪನಿಗಳ ಪಟ್ಟಿಗೆ ಮಾತ್ರ ಸಂಬಂಧಿಸಿದ್ದು. ಪೊಟ್ಟಣದ ಮೇಲೆ ಅಚ್ಚಾಗುವ ಹೆಸರಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ಕರ್ನಾಟಕದವರಿಗೆ ಅದರ ಕಚೇರಿ ಚೆನ್ನೈನಲ್ಲಿದೆ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಸರಕು-ಸೇವೆಗಳ ಒಂದು ವರ್ಗಕ್ಕೆ ವ್ಯಕ್ತಿಗಳು, ಸ್ಟಾರ್ಟ್‌ಅಪ್‌ಗಳು ಮತ್ತು ಸಣ್ಣ ಉದ್ಯಮಗಳಿಗೆ 4,500 ರೂಪಾಯಿ, ಉಳಿದವರಿಗೆ 9,000. ನೋಂದಣಿಗೆ ಹತ್ತು ವರ್ಷ ಆಯುಸ್ಸು, ಆಮೇಲೆ ನವೀಕರಿಸಬೇಕು.

ಧಾರವಾಡ ಪೇಡಾ, ಬ್ಯಾಡಗಿ ಮೆಣಸಿನಕಾಯಿ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದ್ದರಿಂದ ‘ಬ್ಯಾಡಗಿ’ ಎಂಬುದು ಯಾವ ಒಬ್ಬ ವ್ಯಾಪಾರಿಯ ಸ್ವತ್ತೂ ಆಗಲಾರದು. ಖಾರದ ಪುಡಿ ಮಾರುವವರು ಆ ಹೆಸರಿನ ಜೊತೆಗೆ ತಮ್ಮದೇ ಒಂದು ಗುರುತನ್ನು ಕಟ್ಟಿಕೊಳ್ಳಬೇಕು. ಅದನ್ನು ಅಪ್ಪನ ಹೆಸರಿನಲ್ಲೋ ಸ್ವಂತ ಹೆಸರಿನಲ್ಲೋ ಅಲ್ಲ, ಕಂಪನಿಯ ಹೆಸರಿನಲ್ಲಿ ನೋಂದಾಯಿಸಿ. ಕೊಳ್ಳುವವರು ಹಣ ಕೊಡುವುದು ಗಿರಣಿಗಿಂತ ಹೆಚ್ಚಾಗಿ ಆ ಹೆಸರಿಗೆ. ಅದು ಕಂಪನಿಯಲ್ಲಿ ಇಲ್ಲದಿದ್ದರೆ ಮಾರುವುದಾದರೂ ಏನನ್ನು?

ಮೂರನೆಯದು: ಪಾಲು ಹಂಚಿಕೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನು ಕಂಡ ಕಂಪನಿ ಜಗಳಗಳಲ್ಲಿ ಹೆಚ್ಚಿನವು ಲಾಭ-ನಷ್ಟದಿಂದ ಹುಟ್ಟಿದವಲ್ಲ, ಮೊದಲ ದಿನದ ಈ ಹಂಚಿಕೆಯಿಂದ ಹುಟ್ಟಿದವು.

ಮೂರು ಅಂಕಿಗಳನ್ನು ನೆನಪಿಡಿ. ಸಾಮಾನ್ಯ ಠರಾವಿಗೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ನಿರ್ದೇಶಕರನ್ನು ನೇಮಿಸುವುದು, ತೆಗೆಯುವುದು ಇದರಿಂದಲೇ. ವಿಶೇಷ ಠರಾವಿಗೆ ನೂರಕ್ಕೆ 75 ಬೇಕು. ಆರ್ಟಿಕಲ್ಸ್ ತಿದ್ದಲು, ಹೊರಗಿನವರಿಗೆ ಹೊಸ ಷೇರು ಕೊಡಲು ಇದು ಅಗತ್ಯ. ಎಂದರೆ ನೂರಕ್ಕೆ 26 ಇರುವವನು ಏನನ್ನೂ ಮಾಡಲಾರನಾದರೂ ದೊಡ್ಡದೆಲ್ಲವನ್ನೂ ತಡೆಯಬಲ್ಲ. ಮೂರನೆಯದು ಹತ್ತು: ನೂರಕ್ಕೆ 10 ಷೇರು ಇರುವವನು ದಬ್ಬಾಳಿಕೆ ಮತ್ತು ದುರಾಡಳಿತದ ದೂರಿನೊಂದಿಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬಹುದು.

ಆ ಮೆಟ್ಟಿಲು ಇರುವುದು ಬೆಂಗಳೂರಿನಲ್ಲಿ. ಧಾರವಾಡದಲ್ಲಿ ಹೈಕೋರ್ಟಿನ ಪೀಠ 2008ರಲ್ಲಿ ಬಂತು, 2013ರಲ್ಲಿ ಕಾಯಂ ಆಯಿತು. ಆದರೆ ಕಂಪನಿ ನ್ಯಾಯಮಂಡಳಿ ನಮ್ಮ ಕಡೆಗೆ ಬಂದಿಲ್ಲ. ಆದ್ದರಿಂದ ಷೇರುದಾರರ ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತು ಹಾಕಿ, ಅದರ ಸ್ಥಳ ಹುಬ್ಬಳ್ಳಿ ಅಥವಾ ಧಾರವಾಡ ಎಂದು ಸ್ಪಷ್ಟವಾಗಿ ಬರೆಸಿ. ಎಲ್ಲ ವ್ಯಾಜ್ಯಗಳೂ ಮಧ್ಯಸ್ಥರ ಮುಂದೆ ಇತ್ಯರ್ಥವಾಗುವುದಿಲ್ಲ, ದಬ್ಬಾಳಿಕೆಯ ದೂರು ನ್ಯಾಯಮಂಡಳಿಗೇ ಹೋಗುತ್ತದೆ. ಆದರೂ ಹಣಕಾಸಿನ ತಕರಾರಿಗೆಲ್ಲ ಬೆಂಗಳೂರಿನ ರೈಲು ಹತ್ತುವುದು ತಪ್ಪುತ್ತದೆ.

ಅರ್ಧ-ಅರ್ಧ ಹಂಚಿಕೆ ನಮ್ಮಲ್ಲಿ ಬಹಳ ಪ್ರಿಯ. ಕೇಳಲು ನ್ಯಾಯವಾಗಿಯೇ ಇದೆ. ಇಬ್ಬರಿಗೂ ಒಮ್ಮತ ಇಲ್ಲದ ದಿನ ಕಂಪನಿ ಕೆಸರಿನಲ್ಲಿ ಹೂತ ಚಕ್ಕಡಿಯಾಗುತ್ತದೆ, ಎರಡು ಎತ್ತು ಎರಡು ದಿಕ್ಕಿಗೆ ಎಳೆಯುತ್ತವೆ. ಹಾಗೆಯೇ ಹಂಚಿಕೊಳ್ಳುವುದಾದರೆ ಬಿಕ್ಕಟ್ಟು ಬಿಡಿಸುವ ದಾರಿಯನ್ನೂ ಬರೆದಿಡಿ. ನಾನು ಸಾಮಾನ್ಯವಾಗಿ ಸೂಚಿಸುವುದು ಇದನ್ನು: ಒಬ್ಬ ಬೆಲೆ ಹೇಳಬೇಕು, ಆ ಬೆಲೆಗೆ ಕೊಳ್ಳುವುದೋ ಮಾರುವುದೋ ಎಂದು ಇನ್ನೊಬ್ಬ ಆರಿಸಬೇಕು. ಮನೆ ಪಾಲಾಗುವಾಗ ಒಬ್ಬ ಪಾಲು ಮಾಡಿ ಇನ್ನೊಬ್ಬ ಮೊದಲು ಆರಿಸಿಕೊಳ್ಳುವ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬನ ಬಳಿ ಹಣವಿದ್ದು ಇನ್ನೊಬ್ಬನ ಬಳಿ ಇಲ್ಲದಿದ್ದರೆ ಈ ಷರತ್ತು ಅನ್ಯಾಯವೂ ಆದೀತು. ಅಂಥ ಕಡೆ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ, ಕಂತಿನಲ್ಲಿ ಕೊಡುವ ಅವಕಾಶ ಇಡುವುದು ಮೇಲು.

ಇನ್ನೊಂದು, ದುಡಿಯುವ ಪಾಲುದಾರನ ಪಾಲು. ಮೂವರು ಗೆಳೆಯರು ವಿದ್ಯಾನಗರದಲ್ಲಿ ಕೊಠಡಿ ಹಿಡಿದು ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು, ಷೇರು ಸಮವಾಗಿ ಹಂಚಿಕೊಂಡರು ಎನ್ನಿ. ಎಂಟು ತಿಂಗಳಿಗೆ ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅವನು ಹೋದ, ಮೂರನೆಯ ಒಂದು ಪಾಲು ಅವನೊಂದಿಗೇ ಹೋಯಿತು. ಇಂಥ ಕಂಪನಿಗೆ ಮುಂದೆ ಯಾವ ಹೂಡಿಕೆದಾರನೂ ಹಣ ಹಾಕುವುದಿಲ್ಲ. ಪರಿಹಾರ ಸರಳ: ಪಾಲನ್ನು ದುಡಿದು ಗಳಿಸಬೇಕು ಎಂದು ಬರೆಯುವುದು. ನಾಲ್ಕು ವರ್ಷದ ಅವಧಿ ಇಟ್ಟು, ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟವನ ಷೇರನ್ನೆಲ್ಲ ಮುಖಬೆಲೆಗೆ ಉಳಿದವರು ಕೊಳ್ಳಬಹುದು, ಆಮೇಲೆ ಬಿಟ್ಟರೆ ದುಡಿದಷ್ಟು ಅವನದು ಎನ್ನುವ ಷರತ್ತು ಈಗ ಸಾಮಾನ್ಯ.

ಇವನ್ನೆಲ್ಲ ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಂಡರೆ ಸಾಲದು. ಷೇರು ವರ್ಗಾವಣೆಯ ನಿರ್ಬಂಧ ಆರ್ಟಿಕಲ್ಸ್‌ನಲ್ಲಿ ಇಲ್ಲದಿದ್ದರೆ ಅದು ಕಂಪನಿಯನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ ರಂಗರಾಜ್ ಪ್ರಕರಣದಲ್ಲಿ ಹೇಳಿ ಮೂರು ದಶಕ ಕಳೆಯಿತು. ಅದೂ ಒಂದು ಕೌಟುಂಬಿಕ ಕಂಪನಿಯ ಜಗಳವೇ. ಒಪ್ಪಂದದ ಷರತ್ತುಗಳನ್ನು ಆರ್ಟಿಕಲ್ಸ್‌ಗೆ ಸೇರಿಸಿ.

ಸಾವಿನ ಮಾತನ್ನು ಯಾರೂ ಎತ್ತುವುದಿಲ್ಲ, ವಕೀಲನೇ ಎತ್ತಬೇಕು. ಷೇರಿಗೆ ನಾಮಿನಿ ಹೆಸರು ಬರೆದರೆ ಆಯಿತು ಎಂಬುದು ತಪ್ಪು ತಿಳಿವಳಿಕೆ. ನಾಮಿನಿ ಷೇರಿನ ಮಾಲೀಕನಾಗುವುದಿಲ್ಲ, ವಾರಸುದಾರರ ಪರವಾಗಿ ಅದನ್ನು ಹಿಡಿದಿರುತ್ತಾನೆ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಮೃತ್ಯುಪತ್ರ ಬರೆಸಿ. ಜೊತೆಗೆ, ‘ಹೆಸರಿಗಷ್ಟೇ’ ಎಂದು ಹೆಂಡತಿಯ ಅಥವಾ ಭಾವನ ಹೆಸರಿನಲ್ಲಿ ಷೇರು ಇಡುವ ಪದ್ಧತಿ ಇದ್ದರೆ ನಿಜವಾದ ಹಿತಾಸಕ್ತಿ ಯಾರದು ಎಂದು ಕಾಯ್ದೆಯ 89ನೆಯ ಕಲಮಿನ ಪ್ರಕಾರ ಘೋಷಿಸಬೇಕು. ಘೋಷಿಸದೆ ಇಟ್ಟ ಷೇರನ್ನು ನಾಳೆ ‘ನನ್ನದು’ ಎಂದು ಕೇಳಲು ಹೋದರೆ ಕಾನೂನು ನಿಮ್ಮ ಕಡೆ ನಿಲ್ಲುವುದಿಲ್ಲ.

ಇದೇ ಹಂತದಲ್ಲಿ ಒಂದು ಪ್ರಶ್ನೆ ಕೇಳಿ: ‘ವಕೀಲರೇ, ನಿಮ್ಮ ಕಕ್ಷಿದಾರ ಯಾರು, ನಾನೋ ಕಂಪನಿಯೋ?’ ಕಂಪನಿಯ ವಕೀಲ ಕಂಪನಿಯವನು. ಸ್ಥಾಪಕರ ನಡುವೆ ಹಿತ ಬೇರೆಯಾದ ಕ್ಷಣ ನಿಮಗೆ ನಿಮ್ಮದೇ ವಕೀಲ ಬೇಕು. ಶುಲ್ಕವನ್ನು ಕೆಲಸಕ್ಕಿಷ್ಟು ಎಂದೋ ತಿಂಗಳಿಗಿಷ್ಟು ಎಂದೋ ಬರಹದಲ್ಲಿ ಪಡೆಯಿರಿ. ಗೆದ್ದರೆ ಇಷ್ಟು ಪಾಲು ಕೊಡಿ ಎನ್ನುವ ವಕೀಲನಿಂದ ದೂರವಿರಿ. ವಕೀಲರ ಪರಿಷತ್ತಿನ ನಿಯಮ ಅದನ್ನು ಒಪ್ಪುವುದಿಲ್ಲ.

ನಾಲ್ಕನೆಯದು: ಮೊದಲ 180 ದಿನ

ಇಲ್ಲಿ ಜಾಣತನ ಬೇಕಿಲ್ಲ, ಕ್ಯಾಲೆಂಡರ್ ಸಾಕು. ನೋಂದಣಿಯಾದ 30 ದಿನದೊಳಗೆ ಮೊದಲ ನಿರ್ದೇಶಕರ ಸಭೆ, ಅಷ್ಟೇ ದಿನದೊಳಗೆ ಮೊದಲ ಲೆಕ್ಕಪರಿಶೋಧಕರ ನೇಮಕ. ಎರಡು ತಿಂಗಳೊಳಗೆ ಷೇರು ಪ್ರಮಾಣಪತ್ರ. ಒಪ್ಪಿಕೊಂಡ ಬಂಡವಾಳವನ್ನು ಸದಸ್ಯರು ಕಂಪನಿಯ ಖಾತೆಗೆ ಕಟ್ಟಿ, 180 ದಿನದೊಳಗೆ ಐಎನ್‌ಸಿ-20ಎ ನಮೂನೆಯಲ್ಲಿ ವ್ಯವಹಾರ ಆರಂಭದ ಘೋಷಣೆ. ಅದಕ್ಕೆ ಮುನ್ನ ವ್ಯಾಪಾರ ಮಾಡುವಂತಿಲ್ಲ, ಸಾಲವನ್ನೂ ತೆಗೆಯುವಂತಿಲ್ಲ. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ.

ಆಮೇಲೆ ಪ್ರತಿ ವರ್ಷ ವಾರ್ಷಿಕ ಸಭೆಯಾದ 30 ದಿನದೊಳಗೆ ಲೆಕ್ಕಪತ್ರ, 60 ದಿನದೊಳಗೆ ವಾರ್ಷಿಕ ವಿವರಪಟ್ಟಿ. ತಡವಾದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹ. ಬರಿಯ ಬೆದರಿಕೆ ಎಂದುಕೊಳ್ಳಬೇಡಿ: 2017ರಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಲಕ್ಷಗಟ್ಟಲೆ ನಿರ್ದೇಶಕರನ್ನು ಹೀಗೆ ಅನರ್ಹರೆಂದು ಪ್ರಕಟಿಸಿತು. ನಡಾವಳಿ ಪುಸ್ತಕವನ್ನು ಸಭೆಯಾದಂತೆಲ್ಲ ಬರೆಯಿರಿ. ಐದು ವರ್ಷದ ನಡಾವಳಿಯನ್ನು ಒಂದೇ ಪೆನ್ನಿನಲ್ಲಿ, ಒಂದೇ ಕುಳಿತದಲ್ಲಿ ಬರೆದಿದ್ದನ್ನು ನೋಡಿದ್ದೇನೆ. ಕೊಳ್ಳುವವರ ವಕೀಲನಿಗೂ ಅದು ಕಾಣುತ್ತದೆ.

ಐದನೆಯದು: ಹಣ ತರುವುದು

ಕೈಗಡ ನಮ್ಮ ವ್ಯಾಪಾರದ ಉಸಿರು. ಗೆಳೆಯನಿಂದ ಐದು ಲಕ್ಷ, ಸೋದರಮಾವನಿಂದ ಮೂರು ಲಕ್ಷ, ಚೀಟಿಯಿಲ್ಲ, ಬಡ್ಡಿ ಬಾಯಿಮಾತು. ಅಂಗಡಿ ನಡೆಸುವಾಗ ಇದು ನಡೆದೀತು. ಪ್ರೈವೇಟ್ ಕಂಪನಿ ಹೀಗೆ ಸಾಲ ಪಡೆದರೆ ಅದು ಕಾನೂನಿನ ಕಣ್ಣಿಗೆ ಠೇವಣಿ, ಅದನ್ನು ಪಡೆಯಲು ನಿರ್ಬಂಧವಿದೆ. ನಿರ್ದೇಶಕ ಅಥವಾ ಅವನ ಸಂಬಂಧಿ, ತಾನು ಬೇರೆ ಕಡೆ ಸಾಲ ಮಾಡಿ ತಂದ ಹಣವಲ್ಲ ಎಂದು ಲಿಖಿತವಾಗಿ ಹೇಳಿ ಕೊಟ್ಟರೆ ಅಡ್ಡಿಯಿಲ್ಲ. ಆದರೆ ‘ಸಂಬಂಧಿ’ ಎಂಬ ಪದಕ್ಕೆ ಕಾಯ್ದೆಯಲ್ಲಿ ಗಡಿ ಇದೆ: ಗಂಡ, ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಒಡಹುಟ್ಟಿದವರು ಮತ್ತು ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಸೋದರಮಾವ ಎಷ್ಟೇ ಆಪ್ತನಾದರೂ ಈ ಪಟ್ಟಿಯಲ್ಲಿಲ್ಲ. ಅಂಥವರ ಹಣ ಬೇಕಿದ್ದರೆ ಅವರಿಗೆ ಷೇರು ಕೊಡಿ.

ಷೇರು ಕೊಡುವುದಕ್ಕೂ ಕ್ರಮವಿದೆ. ವಿಶೇಷ ಠರಾವು, ನೋಂದಾಯಿತ ಮೌಲ್ಯಮಾಪಕರ ವರದಿ, ಹೆಸರು ನಮೂದಿಸಿದ ಕೊಡುಗೆ ಪತ್ರ. ಹಣ ಬ್ಯಾಂಕಿನ ಮೂಲಕ, ಪ್ರತ್ಯೇಕ ಖಾತೆಗೇ ಬರಬೇಕು, ನಗದು ಬೇಡ. ಹಣ ಬಂದ 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 15 ದಿನದೊಳಗೆ ಹಂಚಿಕೆಯ ವಿವರವಿರುವ ಪಿಎಎಸ್-3 ನಮೂನೆ ಸಲ್ಲಿಸಬೇಕು, ಸಲ್ಲಿಸುವ ತನಕ ಆ ಹಣ ಮುಟ್ಟುವಂತಿಲ್ಲ. ‘ಸಣ್ಣ ಕಂಪನಿ’ಯ ವ್ಯಾಖ್ಯೆ ಮೀರಿದ ಪ್ರೈವೇಟ್ ಕಂಪನಿಗಳು ಷೇರುಗಳನ್ನು ಡಿಮ್ಯಾಟ್ (ವಿದ್ಯುನ್ಮಾನ) ರೂಪಕ್ಕೆ ತರುವುದೂ ಈಗ ಕಡ್ಡಾಯ. ಒಂದು ಸಮಾಧಾನ: ಹೆಚ್ಚಿನ ಬೆಲೆಗೆ ಷೇರು ಕೊಟ್ಟರೆ ಕಂಪನಿಯ ಮೇಲೆ ಬೀಳುತ್ತಿದ್ದ ‘ಏಂಜೆಲ್ ತೆರಿಗೆ’ಯನ್ನು 2024ರ ಬಜೆಟ್ ತೆಗೆದುಹಾಕಿತು.

ಹೂಡಿಕೆದಾರರ ಷರತ್ತುಪಟ್ಟಿ ಬಂದಾಗ ಎಲ್ಲರ ಕಣ್ಣು ಕಂಪನಿಗೆ ಕಟ್ಟಿದ ಬೆಲೆಯ ಮೇಲೆ. ನನ್ನ ಕಣ್ಣು ‘ಲಿಕ್ವಿಡೇಷನ್ ಪ್ರಿಫರೆನ್ಸ್’ ಎಂಬ ಸಾಲಿನ ಮೇಲೆ. ಹೂಡಿಕೆದಾರ 2 ಕೋಟಿ ಹಾಕಿ ನೂರಕ್ಕೆ 20 ಪಾಲು ಪಡೆದ ಎನ್ನಿ. ಕಂಪನಿ ಮುಂದೆ 4 ಕೋಟಿಗೆ ಮಾರಾಟವಾಯಿತು. ಪಾಲಿನ ಲೆಕ್ಕದಲ್ಲಿ ಅವನಿಗೆ 80 ಲಕ್ಷ. ಆದರೆ ಹಾಕಿದ ಹಣ ಮೊದಲು ತನಗೆ ಎಂಬ ಷರತ್ತಿದ್ದರೆ 2 ಕೋಟಿ. ಅದನ್ನು ಪಡೆದ ಮೇಲೆ ಉಳಿದದ್ದರಲ್ಲೂ ಪಾಲು ಎಂದಿದ್ದರೆ 2 ಕೋಟಿ 40 ಲಕ್ಷ. ಮೊದಲ ಷರತ್ತು ನ್ಯಾಯವೇ. ಎರಡನೆಯದಕ್ಕೆ ಒಪ್ಪಬೇಡಿ ಎಂದು ನಾನು ಹೇಳುತ್ತೇನೆ. ಬೆಲೆಯಲ್ಲಿ ಸ್ವಲ್ಪ ಇಳಿದರೂ ಚಿಂತೆಯಿಲ್ಲ.

ಆರನೆಯದು: ಜಾಗ, ಜನ, ಜಾಮೀನು

ಕಂಪನಿಯ ಗೋದಾಮು ಅಪ್ಪನ ಹೆಸರಿನ ಜಾಗದಲ್ಲಿ, ಬಾಡಿಗೆ ಪತ್ರವಿಲ್ಲ: ಇದು ನಮ್ಮ ಭಾಗದ ಸಾಮಾನ್ಯ ಚಿತ್ರ. ಅಪ್ಪ ಇರುವ ತನಕ ತೊಂದರೆಯಿಲ್ಲ. ಆಮೇಲೆ ಅಕ್ಕ-ತಂಗಿಯರಿಗೂ ಪಾಲಿದೆ. ಒಂದು ವರ್ಷ ಮೀರುವ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು, ನೋಂದಾಯಿಸಿ. ಹೊಲದಲ್ಲಿ ಶೆಡ್ ಹಾಕಿದ್ದರೆ ಎನ್ಎ (ಕೃಷಿಯೇತರ ಪರಿವರ್ತನೆ) ಆಗಿದೆಯೇ, ಉತಾರದಲ್ಲಿ (ಪಹಣಿಯಲ್ಲಿ) ಬೋಜಾ, ಎಂದರೆ ಸಾಲದ ಹೊರೆ, ಇದೆಯೇ ನೋಡಿ. ತಾರಿಹಾಳ, ಧಾರವಾಡ ಬಳಿಯ ಬೇಲೂರು ಮುಂತಾದ ಕಡೆ ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನ ಇದ್ದವರು ವರ್ಗಾವಣೆಗೆ ಮಂಡಳಿಯ ಒಪ್ಪಿಗೆಯ ಷರತ್ತನ್ನು ಮತ್ತೊಮ್ಮೆ ಓದಿ. ಷೇರುದಾರರು ಬದಲಾದರೂ ಅದು ಅನ್ವಯಿಸುವುದೇ ಎಂಬುದು ನಿಮ್ಮ ಒಪ್ಪಂದದ ಭಾಷೆಯನ್ನು ಅವಲಂಬಿಸಿದೆ.

ನೌಕರ ಕೆಲಸದ ಭಾಗವಾಗಿ ಬರೆದ ಸಾಫ್ಟ್‌ವೇರ್ ಮಾಲೀಕನದು. ಹೊರಗಿನ ಹುಡುಗನಿಗೆ ಗುತ್ತಿಗೆ ಕೊಟ್ಟು ಬರೆಸಿದ್ದು, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಬರೆದವನದು. ವರ್ಗಾವಣೆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಕೃತಿಸ್ವಾಮ್ಯ ಕಾಯ್ದೆ ಎಣಿಸುತ್ತದೆ. ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಎರಡು ಪದಗಳ ಬೆಲೆ ಎಷ್ಟೆಂದು ಅಮೆರಿಕದ ಗ್ರಾಹಕ ಸಿಕ್ಕಾಗ ಗೊತ್ತಾಗುತ್ತದೆ. ಇನ್ನು ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರ ಮಾಡಕೂಡದು’ ಎಂದು ನೌಕರರಿಂದ ಬರೆಸಿಕೊಳ್ಳುವುದು ಕಾಗದ ಹಾಳು. 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಅದು ಶೂನ್ಯ. ಗುಟ್ಟು ಕಾಪಾಡುವ ಷರತ್ತು ಬರೆಸಿ, ಅದು ನಿಲ್ಲುತ್ತದೆ.

ಬ್ಯಾಂಕ್ ಸಾಲಕ್ಕೆ ನಿರ್ದೇಶಕರು ವೈಯಕ್ತಿಕ ಜಾಮೀನು ಕೊಡುವುದು ತಪ್ಪದು. ಸಹಿ ಹಾಕಿದ ದಿನವೇ ಅದರ ಪ್ರತಿ ಪಡೆದು ಮನೆಯಲ್ಲಿಡಿ. ಇದರ ಮಾತು ಮತ್ತೆ ಬರುತ್ತದೆ.

ಏಳನೆಯದು: ಹೊರಬರುವುದು

ಗದಗದಲ್ಲಿ 1976ರಲ್ಲಿ ಒಂದು ಲಾರಿಯಿಂದ ವಿಜಯ ಸಂಕೇಶ್ವರ ಅವರು ಆರಂಭಿಸಿದ ಸಾರಿಗೆ ಉದ್ಯಮ 1983ರಲ್ಲಿ ಪ್ರೈವೇಟ್ ಲಿಮಿಟೆಡ್ ಆಯಿತು, 2015ರಲ್ಲಿ ಷೇರುಪೇಟೆಗೆ ಬಂತು. ಅವರೇ ಕಟ್ಟಿದ ವಿಜಯ ಕರ್ನಾಟಕ ಪತ್ರಿಕೆ 2006ರಲ್ಲಿ ಟೈಮ್ಸ್ ಸಮೂಹಕ್ಕೆ ಮಾರಾಟವಾಯಿತು. ಅವರ ಮುಂದಿನ ಪತ್ರಿಕೆ ವಿಜಯವಾಣಿ ಹುಟ್ಟಿದ್ದು 2012ರಲ್ಲಿ. ಹೊರಬರುವ ಎರಡು ದಾರಿಗಳಿಗೂ ನಮ್ಮೂರಿನಲ್ಲೇ ಉದಾಹರಣೆ ಇದೆ. ಷೇರುಪೇಟೆಯ ದಾರಿ ಕೆಲವರಿಗಷ್ಟೇ, ಉಳಿದವರಿಗೆ ಮಾರಾಟ. ನೌಕರನಿಗೆ ಅನ್ವಯಿಸದ ಸ್ಪರ್ಧೆಯ ನಿರ್ಬಂಧ ಇಲ್ಲಿ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ: ಉದ್ಯಮದ ಹೆಸರು-ವರ್ಚಸ್ಸನ್ನು ಮಾರಿದವನ ಮೇಲೆ ನ್ಯಾಯಯುತ ಮಿತಿಯ ನಿರ್ಬಂಧವನ್ನು ಅದೇ 27ನೆಯ ಕಲಮು ಒಪ್ಪುತ್ತದೆ. ಐವತ್ತನೆಯ ವಯಸ್ಸಿನಲ್ಲಿ ಖಾರದ ಪುಡಿಯ ಕಂಪನಿ ಮಾರುವವರು ‘ಎಲ್ಲ ಮಸಾಲೆ ಪದಾರ್ಥ’ ಎಂಬ ಪದಕ್ಕೆ ಸಹಿ ಹಾಕುವ ಮುನ್ನ ಮುಂದೇನು ಮಾಡುತ್ತೀರಿ ಎಂದು ಯೋಚಿಸಿ.

ಷೇರು ಮಾರುವುದೋ, ಕಂಪನಿಯೊಳಗಿನ ಉದ್ಯಮವನ್ನಷ್ಟೇ ಮಾರುವುದೋ ಎಂಬುದು ಮೊದಲ ತೀರ್ಮಾನ. ಷೇರು ಮಾರಿದರೆ ಕಂಪನಿಯ ಹಳೆಯ ಹೊರೆಯೂ ಕೊಳ್ಳುವವನಿಗೆ ಹೋಗುತ್ತದೆ, ಆದ್ದರಿಂದ ಅವನು ಹೆದರುತ್ತಾನೆ. ಉದ್ಯಮವನ್ನಷ್ಟೇ ಮಾರಿದರೆ ಹೊರೆ ನಿಮ್ಮಲ್ಲೇ ಉಳಿಯುತ್ತದೆ, ಪರವಾನಗಿಗಳನ್ನೆಲ್ಲ ಹೊಸದಾಗಿ ಪಡೆಯಬೇಕು. ತೆರಿಗೆಯ ದೃಷ್ಟಿಯಿಂದ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರುಪೇಟೆಯಲ್ಲಿಲ್ಲದ ಷೇರು ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ನೂರಕ್ಕೆ 12.5 ದರ. ಲೆಕ್ಕವನ್ನು ಮಾರಾಟಕ್ಕೆ ಮುನ್ನ ಸಿಎ ಜೊತೆ ಕುಳಿತು ಮಾಡಿ.

ಕೊಳ್ಳುವವರು ತಪಾಸಣೆಯ ಪಟ್ಟಿ ಕಳುಹಿಸುತ್ತಾರೆ, ನೂರಾರು ಪ್ರಶ್ನೆಗಳಿರುತ್ತವೆ. ಮುಚ್ಚಿಡಬೇಡಿ. ಮಾರಾಟ ಕರಾರಿನಲ್ಲಿ ‘ಕಂಪನಿಯ ಮೇಲೆ ಯಾವ ವ್ಯಾಜ್ಯವೂ ಇಲ್ಲ’ ಎಂಬಂಥ ಭರವಸೆಗಳಿಗೆ ನೀವು ಸಹಿ ಹಾಕುತ್ತೀರಿ. ಸುಳ್ಳಾದರೆ ನಷ್ಟ ತುಂಬಿಕೊಡಬೇಕು. ಇರುವ ದೋಷಗಳನ್ನು ಪ್ರಕಟಣಾ ಪತ್ರದಲ್ಲಿ ಬರೆದುಕೊಟ್ಟರೆ ಸಾಮಾನ್ಯವಾಗಿ ಆ ಹೊಣೆಯಿಂದ ಪಾರಾಗಬಹುದು. ಹೊಣೆಗೆ ಮೊತ್ತದ ಮಿತಿ, ಕಾಲದ ಮಿತಿ ಎರಡನ್ನೂ ಕೇಳಿ ಬರೆಸಿ.

ಕಂಪನಿ ಮಾರಾಟವಾಗದೆ ಸುಮ್ಮನೆ ನಿಂತಿದ್ದರೆ ಹಾಗೆಯೇ ಬಿಟ್ಟುಬಿಡಬೇಡಿ. ಎರಡು ಹಣಕಾಸು ವರ್ಷ ವ್ಯವಹಾರ ನಡೆಸದ ಕಂಪನಿ, ಸಾಲವನ್ನೆಲ್ಲ ತೀರಿಸಿ, 10,000 ರೂಪಾಯಿ ಶುಲ್ಕದೊಂದಿಗೆ ಎಸ್‌ಟಿಕೆ-2 ನಮೂನೆ ಸಲ್ಲಿಸಿ ಕಂಪನಿಗಳ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳಬಹುದು.

ಇನ್ನು ಆ ಜಾಮೀನು. ಷೇರು ಮಾರಿದ ಮಾತ್ರಕ್ಕೆ ನಿಮ್ಮ ವೈಯಕ್ತಿಕ ಜಾಮೀನು ರದ್ದಾಗುವುದಿಲ್ಲ. ಹಣ ಪಡೆದು, ಹಾರ ಹಾಕಿಸಿಕೊಂಡು ಮನೆಗೆ ಹೋದವರ ಬಾಗಿಲಿಗೆ ಮೂರು ವರ್ಷದ ಮೇಲೆ ಬ್ಯಾಂಕಿನ ನೋಟಿಸ್ ಬಂದಿದ್ದುಂಟು. ಹೊಸ ಮಾಲೀಕರು ಕಂತು ಕಟ್ಟಿರಲಿಲ್ಲ. ಬ್ಯಾಂಕಿನ ಬಿಡುಗಡೆ ಪತ್ರ ಕೈಗೆ ಬರುವ ತನಕ ಷೇರು ವರ್ಗಾಯಿಸುವುದಿಲ್ಲ ಎಂಬ ಷರತ್ತು ಹಾಕಿ. ಮನೆಯ ಕಾಗದ ಅಡವಿಟ್ಟಿದ್ದರೆ ಅದನ್ನು ಅದೇ ದಿನ ವಾಪಸ್ ಪಡೆಯಿರಿ. ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರೆ ಕಂಪನಿ 30 ದಿನದೊಳಗೆ ಅದನ್ನು ತಿಳಿಸುವ ಡಿಐಆರ್-12 ನಮೂನೆ ಸಲ್ಲಿಸಬೇಕು. ಅವರು ಸಲ್ಲಿಸುತ್ತಾರೆಂದು ನಂಬಿ ಕೂರದೆ, ರಾಜೀನಾಮೆಯನ್ನು ನಿರ್ದೇಶಕನೇ ತಿಳಿಸುವ ಡಿಐಆರ್-11 ನಮೂನೆಯನ್ನು ನೀವೇ ಸಲ್ಲಿಸಿ ರಸೀದಿಯನ್ನು ಆ ಬಿಡುಗಡೆ ಪತ್ರದ ಜೊತೆಗೆ ಇಟ್ಟುಕೊಳ್ಳಿ.